ಎರಡನೆಯ ಉತ್ತರಕ್ಕೆ ಜಾಗ: ಎಂಜಿನಿಯರಿಂಗ್ ಮೊದಲ ವರ್ಷದಲ್ಲಿ ವಿನ್ಯಾಸದ ಪಾಠ

ಒಂದು ಬಡಾವಣೆಯ ಮಕ್ಕಳಿಗೆ ಆಟದ ಮೈದಾನ ಬೇಕು. ಜಾಗವಿದೆ, ಹಣಕ್ಕೆ ಮಿತಿಯಿದೆ, ನಿಮ್ಮ ಕೈಯಲ್ಲಿ ಮೂರು ಗಂಟೆಯಿದೆ. ಏನೇನು ಹಾಕುತ್ತೀರಿ, ಹೇಗೆ ಕಟ್ಟುತ್ತೀರಿ, ಬರೆದುಕೊಡಿ. ಮಾಹಿತಿ ಬೇಕಿದ್ದರೆ ಎದುರಿಗೆ ಕೂತವರನ್ನು ಕೇಳಿ. ತಲೆಯಲ್ಲಿ ಓಡುತ್ತಿರುವುದನ್ನು ಬಾಯಿಬಿಟ್ಟು ಹೇಳುತ್ತಿರಿ. ಅಮೆರಿಕದ ಎಂಜಿನಿಯರಿಂಗ್ ಶಿಕ್ಷಣ ಸಂಶೋಧಕಿ ಸಿಂಥಿಯಾ ಆಟ್‌ಮನ್ ಮತ್ತು ಸಂಗಡಿಗರು ಮೊದಲ ವರ್ಷದ ಹಾಗೂ ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ಈ ಕೆಲಸ ಕೊಟ್ಟು, ಅವರಾಡಿದ ಮಾತನ್ನೆಲ್ಲ ಅಕ್ಷರಕ್ಕಿಳಿಸಿ, ಯಾರು ಯಾವುದಕ್ಕೆ ಎಷ್ಟು ಹೊತ್ತು ಕೊಟ್ಟರೆಂದು ಲೆಕ್ಕ ಹಾಕಿದರು. ಮೊದಲ ಫಲಿತಾಂಶ ಅಚ್ಚಾದದ್ದು 1999ರಲ್ಲಿ. ಮುಂದೆ ವೃತ್ತಿಯಲ್ಲಿ ಪಳಗಿದ 19 ಎಂಜಿನಿಯರುಗಳ ಮುಂದೂ ಅದೇ ಪ್ರಶ್ನೆಯಿಟ್ಟು, 26 ಹೊಸಬರು ಮತ್ತು 24 ಅಂತಿಮ ವರ್ಷದವರೊಂದಿಗೆ ಹೋಲಿಸಿದ ಲೇಖನ 2007ರಲ್ಲಿ ಬಂತು.

ಪಳಗಿದವರು ಹೆಚ್ಚು ಹೊತ್ತು ತೆಗೆದುಕೊಂಡರು. ಅದರಲ್ಲೂ ಸಮಸ್ಯೆ ಯಾವುದು, ಅದರ ಎಲ್ಲೆ ಎಲ್ಲಿ ಎಂದು ಹುಡುಕುವುದಕ್ಕೆ ಹೆಚ್ಚು ಹೊತ್ತು. ಅವರು ಕೇಳಿದ ಮಾಹಿತಿಯೂ ಹೆಚ್ಚು, ಬಗೆಬಗೆಯದು. ಕೊನೆಯ ವರ್ಷದವರು ಹೊಸಬರಿಗಿಂತ ಹೆಚ್ಚು ಪರ್ಯಾಯಗಳನ್ನು ಯೋಚಿಸಿದರು, ಒಂದು ಹಂತದಿಂದ ಇನ್ನೊಂದಕ್ಕೆ ಹಿಂದೆ ಮುಂದೆ ಹೆಚ್ಚು ಸಲ ಓಡಾಡಿದರು. ಇಷ್ಟು ಕೇಳಿದ ಮೇಷ್ಟರಿಗೆ ತೀರ್ಮಾನ ಸುಲಭ: ಹೊಸಬರಿಗೆ ‘ಮೊದಲು ಸಮಸ್ಯೆಯನ್ನು ಚೆನ್ನಾಗಿ ಅರ್ಥ ಮಾಡಿಕೊಳ್ಳಿ’ ಎಂದು ಹೇಳಿದರಾಯಿತು. ಆದರೆ 1999ರ ಲೇಖನದಲ್ಲಿ ಜನ ಸಾಮಾನ್ಯವಾಗಿ ದಾಟಿಹೋಗುವ ಒಂದು ಸಾಲಿದೆ. ಹೊಸಬರಲ್ಲಿ ಯಾರು ತಮ್ಮ ಸಮಯದ ದೊಡ್ಡ ಪಾಲನ್ನು ಸಮಸ್ಯೆಯ ವ್ಯಾಖ್ಯಾನಕ್ಕೇ ಸುರಿದರೋ ಅವರ ವಿನ್ಯಾಸ ಚೆನ್ನಾಗಿ ಬರಲಿಲ್ಲ. ಅವರು ಪ್ರಶ್ನೆಯಲ್ಲೇ ಮುಳುಗಿಹೋದರು.

ಹಾಗಾದರೆ ಮೊದಲ ವರ್ಷದವರಿಗೆ ಕಲಿಸಬೇಕಾದ್ದು ಏನು? ಇಲ್ಲಿ ಇನ್ನೊಂದು ಹಳೆಯ ಪ್ರಯೋಗ ನೆರವಿಗೆ ಬರುತ್ತದೆ. ಇಂಗ್ಲೆಂಡಿನ ಬ್ರಯಾನ್ ಲಾಸನ್ 1979ರಲ್ಲಿ ಪ್ರಕಟಿಸಿದ್ದು. ಬಣ್ಣದ ದಿಮ್ಮಿಗಳನ್ನು ಒಂದು ಗುಪ್ತ ನಿಯಮಕ್ಕೆ ಹೊಂದುವಂತೆ ಜೋಡಿಸಿ, ಹೊರಗೆ ಕಾಣುವ ಒಂದು ಗೊತ್ತಾದ ಬಣ್ಣವನ್ನು ಆದಷ್ಟು ಹೆಚ್ಚಿಸಬೇಕು. ವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿಗಳು ಮೊದಲು ನಿಯಮ ಏನೆಂದು ಪತ್ತೆ ಹಚ್ಚಲು ಹೊರಟರು. ವಾಸ್ತುಶಿಲ್ಪದ ಕೊನೆಯ ವರ್ಷದವರು ನೇರ ಒಂದು ಜೋಡಣೆ ಮಾಡಿ ತೋರಿಸಿ, ಅದು ತಪ್ಪೆಂದಾಗ ಇನ್ನೊಂದಕ್ಕೆ ಹೋದರು. ಉತ್ತರ ಕೊಡುತ್ತಲೇ ಪ್ರಶ್ನೆಯನ್ನು ಕಲಿತರು. ಆಗಷ್ಟೇ ಕಾಲೇಜಿಗೆ ಕಾಲಿಟ್ಟವರಿಗೆ ಅದೇ ಪರೀಕ್ಷೆ ಕೊಟ್ಟರೆ ಈ ಎರಡು ದಾರಿಗಳ ಭೇದವೇ ಕಾಣಲಿಲ್ಲ. ಅಂದರೆ ಅದು ಹುಟ್ಟುಗುಣವಲ್ಲ, ಓದು ತಂದುಕೊಟ್ಟದ್ದು.

ಎರಡು ಅಧ್ಯಯನಗಳನ್ನು ಒಟ್ಟಿಗೆ ಓದಿದರೆ ನನಗೆ ಕಾಣುವುದಿಷ್ಟು. ಹೊಸಬರು ಬೇಗ ಉತ್ತರಕ್ಕೆ ಹಾರುವುದು ದೋಷವಲ್ಲ. ಹಾರಿದ ಮೇಲೆ ಅಲ್ಲೇ ಕೂತುಬಿಡುವುದು ದೋಷ. ಮೊದಲ ಉತ್ತರವನ್ನು ಅಗ್ಗವಾಗಿಸಿ, ಬೇಗ ಮುರಿಯಬಿಟ್ಟು, ಎರಡನೆಯದಕ್ಕೆ ಜಾಗ ಇಟ್ಟ ಕೋರ್ಸು ವಿನ್ಯಾಸ ಕಲಿಸುತ್ತದೆ. ಮಿಕ್ಕವು ವಿನ್ಯಾಸದ ಬಗ್ಗೆ ಕಲಿಸುತ್ತವೆ. ಕಳೆದ ಅರ್ಧ ಶತಮಾನದಲ್ಲಿ ಈ ಪಾಠಕ್ಕಾಗಿ ನಡೆದ ಬಗೆಬಗೆಯ ಪ್ರಯತ್ನಗಳನ್ನು ಈ ಒಂದು ಅಳತೆಗೋಲಿನಿಂದ ನೋಡಬಹುದು.

ವಿನ್ಯಾಸ ಕೊನೆಯ ವರ್ಷಕ್ಕೆ ಹೋದದ್ದು ಹೇಗೆ

ಎರಡನೇ ಮಹಾಯುದ್ಧಕ್ಕೆ ಮುಂಚೆ ಅಮೆರಿಕದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ವರ್ಕ್‌ಶಾಪು, ಡ್ರಾಯಿಂಗು, ಕಾರ್ಖಾನೆಯ ರೂಢಿಗಳೇ ಪಾಠದ ದೊಡ್ಡ ಭಾಗ. ಯುದ್ಧಕಾಲದ ರೇಡಾರ್ ಮತ್ತು ಅಣುಬಾಂಬಿನ ಕೆಲಸದಲ್ಲಿ ಭೌತವಿಜ್ಞಾನಿಗಳೇ ಮುಂದೆ ನಿಂತಾಗ ಎಂಜಿನಿಯರಿಂಗ್ ಅಧ್ಯಾಪಕರಿಗೆ ಅಳುಕು ಹುಟ್ಟಿತು. 1955ರ ಗ್ರಿಂಟರ್ ವರದಿ ಗಣಿತ ಮತ್ತು ಮೂಲವಿಜ್ಞಾನದ ಮೇಲೆ ನಿಂತ ಪಠ್ಯಕ್ರಮ ಬೇಕೆಂದಿತು. ವಿನ್ಯಾಸ ಬೇಡವೆಂದು ಆ ವರದಿ ಎಲ್ಲೂ ಹೇಳಿರಲಿಲ್ಲ. ವಿಶ್ಲೇಷಣೆಯ ಜೊತೆ ವಿನ್ಯಾಸವೂ ಇರಲಿ ಎಂದೇ ಹೇಳಿತ್ತು. ಆದರೆ 1957ರಲ್ಲಿ ಸ್ಪುಟ್ನಿಕ್ ಹಾರಿದ ಮೇಲೆ ಹಣವೂ ಗೌರವವೂ ಹರಿದದ್ದು ವಿಜ್ಞಾನದ ಕಡೆಗೆ. ಮೊದಲೆರಡು ವರ್ಷ ಗಣಿತ-ಭೌತಶಾಸ್ತ್ರ, ಮೂರನೆಯದರಲ್ಲಿ ಆಯಾ ಶಾಖೆಯ ಸಿದ್ಧಾಂತ, ಕೊನೆಗೆ ಒಂದು ಪ್ರಾಜೆಕ್ಟು ಎಂಬ ಅಚ್ಚು ಹೀಗೆ ಗಟ್ಟಿಯಾಯಿತು. 1959ರಲ್ಲಿ ಶುರುವಾದ ಕಾನ್ಪುರದ ಐಐಟಿಗೆ 1962ರಿಂದ 1972ರವರೆಗೆ ಒಂಬತ್ತು ಅಮೆರಿಕನ್ ಸಂಸ್ಥೆಗಳ ಒಕ್ಕೂಟ ನೆರವಾಯಿತು. ಆ ಅಚ್ಚು ನಮ್ಮಲ್ಲಿಗೂ ಬಂದು ನೆಲೆಸಿದ ದಾರಿಗಳಲ್ಲಿ ಅದೂ ಒಂದು.

ನಮ್ಮ ಕಾಲೇಜುಗಳ ಮೊದಲ ವರ್ಷದಲ್ಲಿ ಹಳೆಯ ಕಾಲದ ಎರಡು ತುಣುಕು ಉಳಿದುಕೊಂಡವು: ಡ್ರಾಯಿಂಗ್ ಮತ್ತು ವರ್ಕ್‌ಶಾಪ್. ಅವುಗಳನ್ನು ಗಮನಿಸಿ ನೋಡಿ. ಡ್ರಾಯಿಂಗಿನಲ್ಲಿ ಷಡ್ಭುಜ ಪ್ರಿಸಮ್ಮಿನ ಬದಿ ಎಷ್ಟು, ಅದು ಸಮತಲಕ್ಕೆ ಎಷ್ಟು ಡಿಗ್ರಿ ವಾಲಿದೆ ಎಲ್ಲ ಕೊಟ್ಟಿರುತ್ತದೆ. ವಿದ್ಯಾರ್ಥಿ ಅದರ ನೋಟಗಳನ್ನು ಬಿಡಿಸಬೇಕು. ಫಿಟ್ಟಿಂಗ್ ಶಾಪಿನಲ್ಲಿ ಕಬ್ಬಿಣದ ತುಂಡನ್ನು ವೈಸ್‌ಗೆ ಕಚ್ಚಿಸಿ, ಕೊಟ್ಟ ಅಳತೆಗೆ ಅರದಿಂದ ಉಜ್ಜಿ ಉಜ್ಜಿ ಡವ್‌ಟೇಲ್ ಕೂರಿಸಬೇಕು. ಎರಡೂ ಒಳ್ಳೆಯ ಅಭ್ಯಾಸಗಳೇ. ಅಂಗೈಯ ಬೊಬ್ಬೆಗೆ ಬೆಲೆಯಿಲ್ಲವೆಂದು ಯಾರೂ ಹೇಳಬಾರದು. ಆದರೆ ಒಂದರಲ್ಲಿ ಕಲ್ಪನೆ ಬೇರೆಯವರದು, ಇನ್ನೊಂದರಲ್ಲಿ ಅಳತೆ ಬೇರೆಯವರದು. ಈ ಅಳತೆಯೇ ಯಾಕೆ, ಈ ಆಕಾರವೇ ಯಾಕೆ ಎಂಬ ನಿರ್ಧಾರ ಎರಡರ ನಡುವಿನ ಸಂದಿಯಲ್ಲಿ ಬಿದ್ದುಹೋಗಿದೆ. ವಿನ್ಯಾಸ ಇರುವುದು ಆ ಸಂದಿಯಲ್ಲಿ.

ಇದರ ಮೇಲೆ ಪ್ರವೇಶ ಪರೀಕ್ಷೆ ಸಿಇಟಿ. ಒಂದೊಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ತಲಾ ಎಂಬತ್ತು ಸೆಕೆಂಡು. ನಾಲ್ಕರಲ್ಲಿ ಒಂದು ಸರಿ. ಪ್ರಶ್ನೆಯಲ್ಲೇ ದೋಷವಿದ್ದರೆ ಅದು ಗ್ರೇಸ್ ಮಾರ್ಕ್ಸಿನ ಸುದ್ದಿ. ಎರಡು ವರ್ಷ ಈ ತಾಲೀಮು ಮುಗಿಸಿ ಬಂದವರಿಗೆ, ಪ್ರಶ್ನೆಯೇ ಅರ್ಧಂಬರ್ಧ ಇರುವ, ಸರಿಯುತ್ತರ ಐದಾರು ಇರಬಹುದಾದ ಕೆಲಸ ಕೊಟ್ಟರೆ ಗಾಬರಿಯಾಗುವುದು ಸಹಜ. ‘ಸಾರ್, ಇದಕ್ಕೆ ಆನ್ಸರ್ ಏನು?’ ಎಂದು ಕೇಳುವವರನ್ನು ದಡ್ಡರೆನ್ನಬೇಕಿಲ್ಲ. ಅವರು ತಾವು ಗೆದ್ದ ಆಟದ ನಿಯಮವನ್ನು ಪಾಲಿಸುತ್ತಿದ್ದಾರೆ.

ಅಮೆರಿಕದಲ್ಲಿ ವಿನ್ಯಾಸ ಮೊದಲ ವರ್ಷಕ್ಕೆ ಮರಳತೊಡಗಿದ್ದು 1990ರ ದಶಕದಲ್ಲಿ. ಪದವೀಧರರಿಗೆ ಲೆಕ್ಕ ಬರುತ್ತದೆ, ಕೆಲಸ ಬರುವುದಿಲ್ಲ ಎಂದು ಕಂಪನಿಗಳು ದೂರುತ್ತಿದ್ದವು. ಎಂಜಿನಿಯರಿಂಗ್ ಮುಖವನ್ನೇ ಕಾಣದೆ ಎರಡು ವರ್ಷ ಕಳೆದು ಬೇಸತ್ತ ವಿದ್ಯಾರ್ಥಿಗಳು ಬೇರೆ ವಿಷಯಕ್ಕೆ ಜಾರುತ್ತಿದ್ದರು. ಕ್ಲೈವ್ ಡಿಮ್ ಮತ್ತು ನಾಲ್ವರು ಸಹಲೇಖಕರು 2005ರಲ್ಲಿ ಬರೆದ ಸಮೀಕ್ಷೆ ಈ ಮರಳುವಿಕೆಯನ್ನು ಒಟ್ಟಾಗಿ ನೋಡಿದ ಮುಖ್ಯ ಬರಹ. ಡಿಮ್ ಅವರು ಪಾಠ ಮಾಡುತ್ತಿದ್ದ ಹಾರ್ವಿ ಮಡ್ ಕಾಲೇಜು 1963ರಿಂದಲೇ ಹೊರಗಿನ ಸಂಸ್ಥೆಗಳ ನಿಜವಾದ ಸಮಸ್ಯೆಗಳನ್ನು ವಿದ್ಯಾರ್ಥಿಗಳಿಗೆ ಕೊಡುತ್ತಿತ್ತು. 2000ದಲ್ಲಿ ಎಂಐಟಿ ಮತ್ತು ಸ್ವೀಡನ್ನಿನ ಮೂರು ವಿಶ್ವವಿದ್ಯಾಲಯಗಳು ಸೇರಿ ಕಟ್ಟಿದ ಸಿಡಿಐಒ ಕೂಟ, ವಿನ್ಯಾಸದ ಅನುಭವ ಕೊಡುವ ಪರಿಚಯ ಕೋರ್ಸು ಆರಂಭದಲ್ಲೇ ಇರಬೇಕೆಂದು ತನ್ನ ಮಾನದಂಡಗಳಲ್ಲಿ ಬರೆಯಿತು.

ಗೋಡೆಯ ಮೇಲಿನ ಚಕ್ರ

ಇಂಥ ಕೋರ್ಸು ನಡೆಯುವ ಕೋಣೆಯ ಗೋಡೆಯ ಮೇಲೆ ಒಂದು ಚಕ್ರ ಇದ್ದೇ ಇರುತ್ತದೆ. ಅಗತ್ಯ ಗುರುತಿಸು, ಮಾಹಿತಿ ಕಲೆಹಾಕು, ಪರ್ಯಾಯ ಯೋಚಿಸು, ಆರಿಸು, ಮಾದರಿ ಕಟ್ಟು, ಪರೀಕ್ಷಿಸು, ತಿದ್ದು; ಬಾಣದ ಗುರುತು ಸುತ್ತಿ ಮೊದಲಿಗೆ ಬರುತ್ತದೆ. ಹಂತಗಳು ಕೆಲವು ಕಡೆ ಐದು, ಕೆಲವು ಕಡೆ ಎಂಟು. ಈ ಚಿತ್ರದ ಪೂರ್ವಜರಲ್ಲಿ ಜರ್ಮನಿಯ ಪಾಲ್ ಮತ್ತು ಬೈಟ್ಸ್ 1977ರಲ್ಲಿ ಹೊರತಂದ ದಪ್ಪನೆಯ ಗ್ರಂಥ ಮುಖ್ಯವಾದದ್ದು. ಅದು ಯಂತ್ರ ವಿನ್ಯಾಸದಲ್ಲಿ ಕೈ ಪಳಗಿಸಿಕೊಂಡವರ ಕೆಲಸಕ್ಕೆ ಶಿಸ್ತು ತರಲೆಂದು ಬರೆದದ್ದು. ಅದರ ಸಾರ ಸೋಸಿ ಸೋಸಿ ಶಾಲೆಯ ಪಟವಾಗುವ ಹೊತ್ತಿಗೆ, ಅನುಭವವಿರುವವರ ನೆನಪಿನ ಪಟ್ಟಿಯಾಗಿದ್ದದ್ದು ಅನುಭವವಿಲ್ಲದವರ ಕೈಪಿಡಿಯಾಯಿತು.

ಚಕ್ರದ ಬಗ್ಗೆ ಅನುಮಾನಗಳೂ ಅಷ್ಟೇ ಹಳೆಯವು. 1973ರಲ್ಲಿ ರಿಟ್ಟೆಲ್ ಮತ್ತು ವೆಬ್ಬರ್, ಊರು ಕಟ್ಟುವಂಥ ಕೆಲಸಗಳಲ್ಲಿ ಸಮಸ್ಯೆಯನ್ನು ಪೂರ್ತಿ ಹೇಳುವುದೂ ಪರಿಹಾರ ಕಾಣುವುದೂ ಬೇರೆಬೇರೆ ಅಲ್ಲ ಎಂದು ವಾದಿಸಿದರು. 1983ರಲ್ಲಿ ಡೊನಾಲ್ಡ್ ಶೋನ್, ಪಳಗಿದವರು ಮಾಡುತ್ತಲೇ ಯೋಚಿಸುತ್ತಾರೆ, ವಸ್ತು ತಿರುಗಿ ಹೇಳುವುದನ್ನು ಕೇಳಿಸಿಕೊಳ್ಳುತ್ತಾರೆ ಎಂದರು. 1994ರಲ್ಲಿ ಲೂಯಿ ಬುಚಿಯರೆಲ್ಲಿ ಕಂಪನಿಗಳೊಳಗೆ ಕೂತು ನೋಡಿ, ಅಲ್ಲಿ ನಡೆಯುವುದು ಬಹುಪಾಲು ಮಾತುಕತೆ, ಚೌಕಾಸಿ, ಹೊಂದಾಣಿಕೆ ಎಂದು ಬರೆದರು. ಇವರೆಲ್ಲ ಹೇಳಿದ್ದು ಸರಿ. ಆದರೂ ಚಕ್ರವನ್ನು ಹರಿದು ಬಿಸಾಡಿ ಎಂದು ನಾನು ಹೇಳಲಾರೆ. ನಾಲ್ವರು ಕೂಡಿ ಕೆಲಸ ಮಾಡುವಾಗ ‘ನಾವಿನ್ನೂ ಆರಿಸಿಲ್ಲ, ಯೋಚಿಸುತ್ತಿದ್ದೇವೆ ಅಷ್ಟೇ’ ಎಂದು ಹೇಳಿಕೊಳ್ಳಲು ಹೆಸರುಗಳು ಬೇಕು. ತೊಂದರೆ ಇರುವುದು ಹೆಸರುಗಳನ್ನು ಮೊದಲ ವಾರವೇ ಕೊಟ್ಟು ಇಂಟರ್ನಲ್ಸಿನಲ್ಲಿ ಕೇಳುವುದರಲ್ಲಿ. ಒಂದು ಸಲ ಏನನ್ನಾದರೂ ಕಟ್ಟಿ ಕೆಡವಿದ ಮೇಲೆ ಅದೇ ಚಕ್ರ ತೋರಿಸಿದರೆ ಹುಡುಗರು ತಾವು ಎಡವಿದ ಜಾಗವನ್ನು ತಾವೇ ಬೆರಳಿಟ್ಟು ತೋರಿಸುತ್ತಾರೆ.

ಬ್ರಿಟನ್ನಿನ ಸ್ಟುವರ್ಟ್ ಪ್ಯೂ ಅವರ ಕೋಷ್ಟಕಕ್ಕೂ ಇದೇ ಗತಿಯಾಗಿದೆ. ಒಂದು ಪರ್ಯಾಯವನ್ನು ಆಧಾರವಾಗಿಟ್ಟುಕೊಂಡು, ಮಿಕ್ಕವು ಬೆಲೆ, ತೂಕ, ಸುರಕ್ಷತೆ ಮೊದಲಾದವುಗಳಲ್ಲಿ ಅದಕ್ಕಿಂತ ಮೇಲೋ ಕೆಳಗೋ ಸಮವೋ ಎಂದು ಪ್ಲಸ್, ಮೈನಸ್, ಸೊನ್ನೆ ಹಾಕುವ ವಿಧಾನ ಅದು. ಪ್ಯೂ ಅದನ್ನು ಮತ್ತೆಮತ್ತೆ ಹಾಕಬೇಕಾದ ಪಟ್ಟಿಯೆಂದು ಯೋಜಿಸಿದ್ದರು. ಒಂದರ ಮೈನಸ್ಸನ್ನು ಇನ್ನೊಂದರ ಪ್ಲಸ್ಸಿನಿಂದ ತುಂಬಿ ಹೊಸ ಪರ್ಯಾಯ ಹುಟ್ಟಿಸುವುದೇ ಅದರ ಸ್ವಾರಸ್ಯ. ತರಗತಿಯಲ್ಲಿ ಸಾಮಾನ್ಯವಾಗಿ ನಡೆಯುವುದು ಬೇರೆ: ಯಾವುದನ್ನು ಕಟ್ಟುವುದೆಂದು ತಂಡ ಮೊದಲ ದಿನವೇ ನಿರ್ಧರಿಸಿರುತ್ತದೆ, ರಿಪೋರ್ಟಿನ ಹಿಂದಿನ ರಾತ್ರಿ ಅದು ಗೆಲ್ಲುವ ಹಾಗೆ ಪ್ಲಸ್ಸುಗಳು ಬೀಳುತ್ತವೆ.

ಕೋಲಿನ ಕಥೆ

ಕರ್ನಾಟಕದ ಯಾವುದೇ ಎಂಜಿನಿಯರಿಂಗ್ ಕಾಲೇಜಿನ ಪ್ರಾಜೆಕ್ಟ್ ಪ್ರದರ್ಶನಕ್ಕೆ ಹೋಗಿ. ತಾನಾಗಿ ಮುಚ್ಚಳ ತೆರೆಯುವ ಕಸದ ಡಬ್ಬ, ಗಿಡಕ್ಕೆ ತಾನೇ ನೀರು ಬಿಡುವ ಪಂಪು, ಕಪ್ಪು ಗೆರೆಯ ಮೇಲೆ ಓಡುವ ಪುಟ್ಟ ಗಾಡಿ, ಮತ್ತು ಅಂಧರಿಗಾಗಿ ಅಲ್ಟ್ರಾಸೋನಿಕ್ ಸೆನ್ಸರ್ ಕಟ್ಟಿದ ಕೋಲು. ಈ ನಾಲ್ಕರಲ್ಲಿ ಎರಡಾದರೂ ಸಿಗದಿದ್ದರೆ ಆಶ್ಚರ್ಯ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಇವುಗಳ ಭಾಗಗಳು ಮಾತ್ರವಲ್ಲ, ಕೋಡು ಸಮೇತ ಸಿದ್ಧ ಕಿಟ್ಟುಗಳೂ ಸಿಗುತ್ತವೆ. ಕೋಲಿನ ಮುಂದೆ ಕೈ ಇಟ್ಟರೆ ಬಝರ್ ಕೂಗುತ್ತದೆ. ನೋಡಲು ಬಂದವರು ಚಪ್ಪಾಳೆ ತಟ್ಟುತ್ತಾರೆ. ಕಟ್ಟಿದ ನಾಲ್ವರಲ್ಲಿ ಒಬ್ಬರಾದರೂ ಕಣ್ಣು ಕಾಣದ ಒಬ್ಬರೊಡನೆ ಒಂದು ಬೀದಿಯುದ್ದ ನಡೆದಿದ್ದಾರೆಯೇ ಎಂದು ಕೇಳಿದರೆ ಬಹಳ ಸಲ ಉತ್ತರ ಇಲ್ಲವೆಂದೇ.

ಇದೇ ಯೋಚನೆಯ ಇನ್ನೊಂದು ಜೀವನವೃತ್ತಾಂತ ದೆಹಲಿಯಲ್ಲಿದೆ. ಅಲ್ಲಿನ ಐಐಟಿಯಲ್ಲಿ ಪ್ರೊ. ಎಂ. ಬಾಲಕೃಷ್ಣನ್ ಅವರ ಬಳಿ ಪದವಿ ವಿದ್ಯಾರ್ಥಿಗಳ ಪ್ರಾಜೆಕ್ಟಾಗಿ ಹುಟ್ಟಿದ ‘ಸ್ಮಾರ್ಟ್‌ಕೇನ್’ ಮಾರುಕಟ್ಟೆಗೆ ಬಂದದ್ದು 2014ರಲ್ಲಿ. ನಡುವಿನ ವರ್ಷಗಳು ಹೋದದ್ದು ಬಳಸುವವರ ಜೊತೆ. ಸಕ್ಷಮ್ ಎಂಬ ಸಂಸ್ಥೆ ಆ ನಂಟು ಒದಗಿಸಿತು. ಉತ್ಪಾದನೆಗೆ ಚೆನ್ನೈನ ಫೀನಿಕ್ಸ್ ಮೆಡಿಕಲ್ ಸಿಸ್ಟಮ್ಸ್ ಬಂತು. ಬಳಸುವವರಿಂದ ತಿಳಿಯುವುದು ಸರಳ ಸಂಗತಿ, ಆದರೆ ಕೋಣೆಯೊಳಗೆ ಕೂತು ಊಹಿಸಲಾಗದ್ದು. ಬಿಳಿ ಕೋಲಿಗೆ ಕೊರತೆಯೇನೂ ಇಲ್ಲ, ನೆಲದ ವಿಷಯದಲ್ಲಿ ಅದು ಅಚ್ಚುಕಟ್ಟಾದ ಸಾಧನ. ಹಳ್ಳ, ಮೆಟ್ಟಿಲು, ಫುಟ್‌ಪಾತಿನ ಅಂಚು, ನೆಲ ಒರಟೋ ನುಣುಪೋ ಎಲ್ಲವನ್ನೂ ಅದು ಕೈಗೆ ಹೇಳುತ್ತದೆ. ಅದಕ್ಕೆ ಗೊತ್ತಾಗದಿರುವುದು ಮಂಡಿಗಿಂತ ಮೇಲಿನದು: ಲಾರಿಯ ಹಿಂಬದಿ, ತೆರೆದ ಕಿಟಕಿಯ ಬಾಗಿಲು, ಬಾಗಿದ ಕೊಂಬೆ. ಆದ್ದರಿಂದ ಸ್ಮಾರ್ಟ್‌ಕೇನ್ ಹಳೆಯ ಕೋಲನ್ನು ತೆಗೆದುಹಾಕದೆ ಅದರ ಮೇಲ್ತುದಿಗೆ ಸಿಕ್ಕಿಸಿಕೊಳ್ಳುವ ಸಾಧನವಾಯಿತು, ಮೇಲ್ಮಟ್ಟದ ಅಡ್ಡಿಗಳನ್ನು ಗುರುತಿಸುವಂತಾಯಿತು. ಎಚ್ಚರಿಕೆ ಕೊಡುವುದು ಕಂಪನದಿಂದ. ರಸ್ತೆಯಲ್ಲಿ ನಡೆಯುವ ಅಂಧರಿಗೆ ಕಿವಿಯೇ ಕಣ್ಣು. ಅಲ್ಲಿ ಬಝರ್ ಕೂಗಿದರೆ ಬರುವ ಬಸ್ಸಿನ ಸದ್ದು ಮುಚ್ಚಿಹೋಗುತ್ತದೆ.

ಪ್ರದರ್ಶನದ ಕೋಲಿಗೂ ಈ ಕೋಲಿಗೂ ಸೆನ್ಸರಿನಲ್ಲಿ ತತ್ವಭೇದವಿಲ್ಲ. ಭೇದವಿರುವುದು ಸಮಸ್ಯೆಯ ಹೇಳಿಕೆಯಲ್ಲಿ. ‘ಅಂಧರಿಗೆ ಅಡ್ಡಿ ತಿಳಿಸುವ ಕೋಲು’ ಎಂಬುದು ಮೊದಲ ಉತ್ತರ. ‘ಕೋಲಿಗೆ ಸಿಗದ ಎತ್ತರದ ಅಡ್ಡಿಯನ್ನು ಕಿವಿಯನ್ನು ಮುಟ್ಟದೆ ತಿಳಿಸುವುದು’ ಎಂಬುದು ಎರಡನೆಯದು. ಮೊದಲನೆಯದನ್ನು ಕಟ್ಟಿ ಒಬ್ಬರ ಕೈಗೆ ಕೊಡದೆ ಎರಡನೆಯದು ಹುಟ್ಟುವುದಿಲ್ಲ.

ಬೆಂಗಳೂರಿಗೆ ನಂಟಿರುವ ಇನ್ನೊಂದು ಉದಾಹರಣೆ ‘ಎಂಬ್ರೇಸ್’. 2007ರಲ್ಲಿ ಸ್ಟ್ಯಾನ್‌ಫರ್ಡ್‌ನ ಒಂದು ಕೋರ್ಸಿನಲ್ಲಿ ವಿದ್ಯಾರ್ಥಿಗಳ ತಂಡಕ್ಕೆ ಶಿಶುಗಳಿಗಾಗಿ ಅಗ್ಗದ ಇನ್‌ಕ್ಯುಬೇಟರ್ ಮಾಡಿ ಎಂದು ಹೇಳಲಾಗಿತ್ತು. ನೇಪಾಳಕ್ಕೆ ಹೋಗಿ ನೋಡಿದಾಗ ಆಸ್ಪತ್ರೆಯಲ್ಲಿ ಇನ್‌ಕ್ಯುಬೇಟರುಗಳು ಖಾಲಿ ನಿಂತಿದ್ದವು. ಹೆರಿಗೆಗಳು ಆಗುತ್ತಿದ್ದದ್ದು ದೂರದ ಹಳ್ಳಿಗಳಲ್ಲಿ. ತಂಡ ಬೆಲೆ ಇಳಿಸುವ ಯೋಚನೆ ಬಿಟ್ಟು, ಕರೆಂಟಿನ ಆಸರೆಯಿಲ್ಲದೆ ಗಂಟೆಗಟ್ಟಲೆ ಬೆಚ್ಚಗಿರುವ, ಮೇಣದಂಥ ವಸ್ತು ತುಂಬಿದ ಚೀಲದ ಕಡೆ ತಿರುಗಿತು. ಮುಂದೆ ಅದರ ಕಂಪನಿ ಬೆಂಗಳೂರಿಗೆ ಬಂದು ಕೆಲಸ ಮಾಡಿತು. ಅದು ಮೊದಲ ವರ್ಷದ ಕೋರ್ಸಲ್ಲ, ಸ್ನಾತಕೋತ್ತರದವರದು; ವಿಮಾನದ ಟಿಕೆಟ್ಟು ಬೇಡುವ ವಿನ್ಯಾಸಪಾಠ ಎಲ್ಲರ ಕೈಗೆಟುಕುವುದೂ ಅಲ್ಲ. ಆದರೆ ನಮ್ಮ ವಿದ್ಯಾರ್ಥಿಗಳಿಗೆ ಟಿಕೆಟ್ಟು ಬೇಕಿಲ್ಲ. ಹಾವೇರಿಯಿಂದಲೋ ಚಾಮರಾಜನಗರದಿಂದಲೋ ಬಂದ ಹುಡುಗಿಗೆ ಹಾಲಿನ ಡೈರಿಯ ಸಾಲು, ಮೆಣಸಿನಕಾಯಿ ಒಣಗಿಸುವ ಕಷ್ಟ, ಬೋರ್‌ವೆಲ್ ಮೋಟರಿಗೆ ರಾತ್ರಿ ಎರಡಕ್ಕೆ ಕರೆಂಟು ಬರುವ ಗೋಳು ಮನೆಯದೇ ವಿಷಯ. ತರಗತಿಯಲ್ಲಿ ಇಂಗ್ಲಿಷಿಗೆ ಅಂಜಿ ಹಿಂದಿನ ಬೆಂಚಿನಲ್ಲಿ ಕೂರುವ ಕನ್ನಡ ಮಾಧ್ಯಮದ ವಿದ್ಯಾರ್ಥಿ, ಬಳಸುವವರನ್ನು ಮಾತಾಡಿಸುವ ಕೆಲಸ ಬಂದಾಗ ಒಮ್ಮೆಲೇ ತಂಡದ ಮುಂದಾಳಾಗುವುದುಂಟು. ಮೊದಲ ಸೆಮಿಸ್ಟರಿನಲ್ಲಿ ಅಂಥ ಅವಕಾಶ ಕೊಡುವ ಇನ್ನೊಂದು ವಿಷಯ ನನಗೆ ಕಾಣುವುದಿಲ್ಲ.

ಕೋರ್ಸಿನ ಬಗೆಗಳು

ಅತ್ಯಂತ ಚಿಕ್ಕದರಿಂದ ಶುರುಮಾಡೋಣ. ಇಪ್ಪತ್ತು ಕಡ್ಡಿ ಸ್ಪಗೆಟಿ, ಒಂದು ಗಜ ಟೇಪು, ಒಂದು ಗಜ ದಾರ, ಒಂದು ಮಾರ್ಷ್‌ಮ್ಯಾಲೋ, ಹದಿನೆಂಟು ನಿಮಿಷ. ಎತ್ತರದ ಗೋಪುರ ಕಟ್ಟಿ ಮಾರ್ಷ್‌ಮ್ಯಾಲೋ ತುದಿಯಲ್ಲಿರಿಸಬೇಕು. ಪೀಟರ್ ಸ್ಕಿಲ್‌ಮನ್ ಹುಟ್ಟುಹಾಕಿ, 2010ರಲ್ಲಿ ಟಾಮ್ ವೂಜೆಕ್ ಅವರ ಭಾಷಣದಿಂದ ಲೋಕಪ್ರಸಿದ್ಧವಾದ ಆಟ. ಎಂಬಿಎ ವಿದ್ಯಾರ್ಥಿಗಳು ಯೋಜನೆ ಹಾಕುತ್ತ ಕೂತು ಕೊನೆಯ ಕ್ಷಣದಲ್ಲಿ ಮಾರ್ಷ್‌ಮ್ಯಾಲೋ ಇಟ್ಟಾಗ ಗೋಪುರ ಬಾಗಿ ಬೀಳುತ್ತದೆ. ಶಿಶುವಿಹಾರದ ಮಕ್ಕಳು ಮೊದಲಿನಿಂದಲೂ ಅದನ್ನಿಟ್ಟುಕೊಂಡೇ ಕಟ್ಟಿ, ಕೆಡವಿ, ಕಟ್ಟಿ ಅವರಿಗಿಂತ ಎತ್ತರ ಹೋಗುತ್ತಾರೆ. ನಮ್ಮಲ್ಲಿ ಇಂಡಕ್ಷನ್ ದಿನಗಳಲ್ಲಿ ಪೊರಕೆಕಡ್ಡಿ, ಥರ್ಮೊಕೋಲಿನಲ್ಲಿ ಇದನ್ನೇ ಆಡಿಸಬಹುದು, ಆಡಿಸುವವರೂ ಇದ್ದಾರೆ. ಒಂದೇ ಎಚ್ಚರ: ಬಹುಮಾನ ಕೊಟ್ಟು ಅಲ್ಲಿಗೇ ಮುಗಿಸಿದರೆ ಅದು ಪಾರ್ಟಿ ಆಟ. ಗೋಪುರ ಬಿದ್ದ ತಂಡಕ್ಕೆ ಮರುದಿನ ಇನ್ನೊಂದು ಹದಿನೆಂಟು ನಿಮಿಷ ಕೊಟ್ಟರೆ ಪಾಠ.

ಸ್ಪರ್ಧೆಯನ್ನೇ ಕೋರ್ಸಾಗಿಸಿದ ಹೆಸರಾಂತ ಮಾದರಿ ಎಂಐಟಿಯದು. ಅಲ್ಲಿನ 2.70 ಎಂಬ ಸಂಖ್ಯೆಯ ಕೋರ್ಸನ್ನು 1970ರ ದಶಕದಲ್ಲಿ ವುಡಿ ಫ್ಲವರ್ಸ್ ಬೆಳೆಸಿದರು. ಎಲ್ಲರಿಗೂ ಒಂದೇ ಬಗೆಯ ಚಿಲ್ಲರೆ ಸಾಮಾನಿನ ಚೀಲ ಕೊಟ್ಟು, ಅದರಿಂದಲೇ ಯಂತ್ರ ಮಾಡಿ ಎದುರಾಳಿಯ ಯಂತ್ರದ ಜೊತೆ ಸೆಣಸಾಡಿಸುವುದು. ಡೀನ್ ಕೇಮನ್ 1989ರಲ್ಲಿ ಸ್ಥಾಪಿಸಿದ ‘ಫಸ್ಟ್’ ಸಂಸ್ಥೆಯ ಶಾಲಾ ರೋಬೊಟ್ ಸ್ಪರ್ಧೆಗಳ ಬೇರು ಇಲ್ಲಿದೆ. ಎಂಐಟಿಯಲ್ಲಿ 2.70 ಎರಡನೇ ವರ್ಷದ ಕೋರ್ಸಾಗಿತ್ತು. ಅದರ ಅನುಕರಣೆಗಳು ಎಲ್ಲೆಡೆ ಮೊದಲ ವರ್ಷಕ್ಕಿಳಿದವು. ಇದರ ಬಲ ಸ್ಪಷ್ಟ: ಯಂತ್ರ ಸುಳ್ಳು ಹೇಳುವುದಿಲ್ಲ, ಮೋಟರಿನ ಟಾರ್ಕ್ ಸಾಲದಿದ್ದರೆ ಚಕ್ರ ತಿರುಗುವುದಿಲ್ಲ. ದೌರ್ಬಲ್ಯವೂ ಅಷ್ಟೇ ಸ್ಪಷ್ಟ. ಸ್ಪರ್ಧೆಯ ನಿಯಮಪುಸ್ತಕವೇ ಸಮಸ್ಯೆಯನ್ನು ಪೂರ್ತಿ ಹೇಳಿಬಿಡುತ್ತದೆ, ಬಳಸುವ ಮನುಷ್ಯ ಅಲ್ಲಿಲ್ಲ.

ಮನುಷ್ಯನನ್ನು ತರಗತಿಗೇ ಕರೆತಂದದ್ದು ಶಿಕಾಗೊ ಬಳಿಯ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯ. 1990ರ ದಶಕದಲ್ಲಿ ಆರಂಭಿಸಿದ ಮೊದಲ ವರ್ಷದ ಕೋರ್ಸಿನಲ್ಲಿ ಶಿಕಾಗೊದ ಪುನರ್ವಸತಿ ಸಂಸ್ಥೆಯಂಥ ಕಡೆಗಳಿಂದ ಬರುವ ಗ್ರಾಹಕರಿಗೆ, ಉದಾಹರಣೆಗೆ ಒಂದೇ ಕೈ ಬಳಸಬಲ್ಲವರಿಗೆ, ದಿನಬಳಕೆಯ ಸಾಧನ ಮಾಡಿಕೊಡಬೇಕು. ರಟ್ಟು, ಟೇಪಿನ ಕಚ್ಚಾ ಮಾದರಿ ಹಿಡಿದು ಅವರ ಬಳಿ ಹೋಗಿ, ಬೈಸಿಕೊಂಡೋ ಮೆಚ್ಚಿಸಿಕೊಂಡೋ ಬಂದು ತಿದ್ದಬೇಕು. ಅಲ್ಲಿನ ಇನ್ನೊಂದು ಜಾಣತನ: ಎಂಜಿನಿಯರಿಂಗ್ ಅಧ್ಯಾಪಕರೂ ಬರವಣಿಗೆ ಕಲಿಸುವವರೂ ಜೋಡಿಯಾಗಿ ಪಾಠ ಮಾಡುತ್ತಾರೆ. ಸಮಸ್ಯೆಯನ್ನು ನಾಲ್ಕು ಸಾಲಿನಲ್ಲಿ ಸ್ಪಷ್ಟವಾಗಿ ಬರೆಯಲಾಗದ ತಂಡಕ್ಕೆ ಸಮಸ್ಯೆ ಅರ್ಥವಾಗಿಲ್ಲವೆಂದೇ ಲೆಕ್ಕ. ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ 1995ರಲ್ಲಿ ಹುಟ್ಟಿದ ‘ಎಪಿಕ್ಸ್’ ಇದೇ ಜಾತಿಯದು. ಅಲ್ಲಿ ಒಂದು ಪ್ರಾಜೆಕ್ಟು ಸೆಮಿಸ್ಟರು ಮುಗಿದೊಡನೆ ಸಾಯುವುದಿಲ್ಲ, ಮುಂದಿನ ತಂಡಕ್ಕೆ ದಾಟುತ್ತದೆ.

ಆಸ್ಟ್ರೇಲಿಯಾದ ‘ಎಂಜಿನಿಯರ್ಸ್ ವಿದೌಟ್ ಬಾರ್ಡರ್ಸ್’ ಮೊದಲ ವರ್ಷದವರಿಗೆಂದೇ ನಡೆಸುವ ಸ್ಪರ್ಧೆ ನಮಗೆ ಹತ್ತಿರದ ಒಂದು ಪ್ರಶ್ನೆ ಎತ್ತುತ್ತದೆ. 2011ರಲ್ಲಿ ಅದರ ವಿಷಯ ತಮಿಳುನಾಡಿನ ದೇವಿಕುಳಂ ಎಂಬ ಹಳ್ಳಿ. ಸಾವಿರಾರು ವಿದ್ಯಾರ್ಥಿಗಳು ತಾವು ಕಾಣದ ಆ ಊರಿನ ನೀರು, ಮನೆ, ಕಸ, ವಿದ್ಯುತ್ತಿನ ಬಗ್ಗೆ ಯೋಚಿಸಿದರು. ಯಂತ್ರ ಕೆಟ್ಟರೆ ರಿಪೇರಿ ಯಾರು, ಸ್ಥಳೀಯವಾಗಿ ಏನು ಸಿಗುತ್ತದೆ, ಊರಿನ ರೂಢಿ ಏನು ಎಂದು ಹದಿನೆಂಟರ ಹುಡುಗರು ಕೇಳಿಕೊಂಡದ್ದು ಸಣ್ಣ ಲಾಭವಲ್ಲ. ಆದರೆ ಉತ್ತರಗಳು ಬಹುಪಾಲು ವರದಿಯಾಗಿಯೇ ಉಳಿಯುವ ಇಂಥ ಏರ್ಪಾಡಿನಲ್ಲಿ, ದೇವಿಕುಳಂನ ಅಜ್ಜಿಯೊಬ್ಬಳು ‘ಇದು ನಮಗೆ ಬೇಡಪ್ಪ’ ಎಂದು ಹೇಳುವ ಅವಕಾಶ ಎಲ್ಲಿ? ಸಾವಿರಾರು ಕಿಲೋಮೀಟರ್ ದೂರದವರಿಗೆ ವಿನ್ಯಾಸ ಮಾಡುವಾಗ ಎರಡನೆಯ ಸುತ್ತು ಕಳೆದುಹೋಗುತ್ತದೆ.

ಬಿಚ್ಚುವುದರಿಂದ ಶುರುಮಾಡುವ ದಾರಿಯೂ ಇದೆ. ಸ್ಟ್ಯಾನ್‌ಫರ್ಡ್‌ನಲ್ಲಿ ಶೆರಿ ಶೆಪರ್ಡ್ 1990ರ ದಶಕದ ಆದಿಯಲ್ಲಿ ಸೈಕಲ್ಲು, ಮೀನಿನ ಗಾಳದ ರೀಲು ಮೊದಲಾದವನ್ನು ಬಿಚ್ಚಿ ಜೋಡಿಸುವ ಕೋರ್ಸು ಮಾಡಿದರು. ನಮ್ಮ ಕಡೆ ಇದಕ್ಕೆ ಹಳೆಯ ಮಿಕ್ಸಿ, ಸೀಲಿಂಗ್ ಫ್ಯಾನು, ಗುಜರಿಯ ಸ್ಕೂಟರು ಸಾಕು. ಬಿಚ್ಚಿದ ಮೇಲೆ ಕೇಳಬೇಕಾದ ಪ್ರಶ್ನೆ ‘ಇದರ ಭಾಗಗಳನ್ನು ಹೆಸರಿಸಿ’ ಎಂದಾಗದೆ, ‘ಈ ತಿರುಪು ಇಲ್ಲಿ ಯಾಕಿದೆ, ಬೇರೆ ಹೇಗೆ ಮಾಡಬಹುದಿತ್ತು’ ಎಂದಿರಬೇಕು, ಅಷ್ಟೇ.

ಇವೆಲ್ಲ ಕೆಲಸ ಮಾಡುತ್ತವೆಯೇ? ಕೊಲರಾಡೊ ವಿಶ್ವವಿದ್ಯಾಲಯದ ನೈಟ್, ಕಾರ್ಲ್‌ಸನ್ ಮತ್ತು ಸಲ್ಲಿವಾನ್ 2007ರಲ್ಲಿ ತೋರಿಸಿದಂತೆ, ಮೊದಲ ವರ್ಷ ಕೈಯಾರೆ ಕಟ್ಟುವ ಪ್ರಾಜೆಕ್ಟ್ ಕೋರ್ಸು ಮಾಡಿದವರು ಎಂಜಿನಿಯರಿಂಗಿನಲ್ಲಿ ಉಳಿಯುವ ಪ್ರಮಾಣ ಹೆಚ್ಚು. ನಮ್ಮಲ್ಲಿ ಆ ಅಳತೆ ನಡೆಯದು. ಕೌನ್ಸೆಲಿಂಗಿನಲ್ಲಿ ಸಿಕ್ಕ ಸೀಟನ್ನು, ಅಪ್ಪ ಸಾಲ ಮಾಡಿ ಕಟ್ಟಿದ ಫೀಸನ್ನು ಬಿಟ್ಟುಹೋಗುವವರು ಕಡಿಮೆ. ಮನಸ್ಸು ಬಿಟ್ಟು ದೇಹ ಮಾತ್ರ ತರಗತಿಯಲ್ಲಿ ಉಳಿದವರನ್ನು ಯಾವ ಅಂಕಿಯೂ ಹಿಡಿಯುವುದಿಲ್ಲ.

ಕಣ್ಣಿಗೆ ಬಿದ್ದದ್ದೇ ಕೈಗೆ

1991ರಲ್ಲಿ ಜಾನ್ಸನ್ ಮತ್ತು ಸ್ಮಿತ್ ನಡೆಸಿದ ಪ್ರಯೋಗವನ್ನು ಈ ಕೋರ್ಸು ನಡೆಸುವವರೆಲ್ಲ ಒಮ್ಮೆ ಓದಬೇಕು. ಚೆಲ್ಲದ ಕಾಫಿ ಲೋಟ ವಿನ್ಯಾಸಗೊಳಿಸಿ, ಆದರೆ ಸ್ಟ್ರಾ ಬಳಸಬೇಡಿ ಎಂದು ಹೇಳಿ, ಕೆಲವರಿಗೆ ಮಾತ್ರ ಸ್ಟ್ರಾ ಇರುವ ಒಂದು ಉದಾಹರಣೆ ಚಿತ್ರ ತೋರಿಸಿದರು. ಚಿತ್ರ ನೋಡಿದವರು ಬೇಡವೆಂದ ಸ್ಟ್ರಾವನ್ನೇ ಹೆಚ್ಚು ಸಲ ಬಿಡಿಸಿದರು. ಉದಾಹರಣೆಯ ತಪ್ಪೂ ಕೈಗೆ ಅಂಟಿಕೊಳ್ಳುತ್ತದೆ. ಹೋದ ವರ್ಷದ ಬಹುಮಾನಿತ ಪ್ರಾಜೆಕ್ಟುಗಳನ್ನು ಮೊದಲ ದಿನವೇ ಮೇಜಿನ ಮೇಲಿಡುವ ನಮ್ಮ ಪದ್ಧತಿ, ಸ್ಫೂರ್ತಿ ಕೊಡುವ ಹೆಸರಿನಲ್ಲಿ, ಅದೇ ಕಸದ ಡಬ್ಬ ಮತ್ತೆ ಹುಟ್ಟುವ ಏರ್ಪಾಡು.

ಈಗ ಚಾಟ್‌ಬಾಟುಗಳೂ ಬಂದಿವೆ. ‘ಸಣ್ಣ ರೈತರ ಐದು ಸಮಸ್ಯೆ ಕೊಡು’ ಎಂದರೆ ಐದು ಬರುತ್ತದೆ. ಮಾತಾಡಿಸದ ರೈತನ ಸಂದರ್ಶನವೂ ಬರುತ್ತದೆ, ಹೆಸರು, ವಯಸ್ಸು, ಎಕರೆ ಸಮೇತ. ಹತ್ತು ಪರ್ಯಾಯ ಕೇಳಲು ಅದನ್ನು ಬಳಸುವುದಕ್ಕೆ ನನ್ನ ತಕರಾರಿಲ್ಲ. ಆದರೆ ಬಳಸುವವರ ಮಾತನ್ನು ಅದರಿಂದ ಬರೆಸಿಕೊಂಡ ತಂಡ, ಅಳತೆ ತೆಗೆಯದೆ ಕತ್ತರಿ ಹಾಕಿದ ದರ್ಜಿಯಂತೆ, ಎಷ್ಟು ನಾಜೂಕಾಗಿ ಹೊಲಿದರೂ ವ್ಯರ್ಥ. ವೈವಾದಲ್ಲಿ ‘ಅವರು ಹೇಳಿದ್ದರಲ್ಲಿ ನಿಮಗೆ ಅಚ್ಚರಿ ತಂದದ್ದು ಯಾವುದು?’ ಎಂದು ಕೇಳಿದರೆ ಹೋದವರು ಯಾರು, ಹೋಗದವರು ಯಾರು ಸಾಮಾನ್ಯವಾಗಿ ತಿಳಿದುಬಿಡುತ್ತದೆ.

ತಂಡದೊಳಗಿನ ಕೆಲಸದ ಹಂಚಿಕೆ ಇನ್ನೊಂದು ಮೌನದ ವಿಷಯ. ಮಿಶಿಗನ್ ವಿಶ್ವವಿದ್ಯಾಲಯದ ಮೆಡೋಸ್ ಮತ್ತು ಸೆಕಾಕ್ವಾಪ್ಟೇವಾ 2013ರಲ್ಲಿ ಮೊದಲ ವರ್ಷದ ತಂಡಗಳ ಪ್ರೆಸೆಂಟೇಶನ್ನುಗಳನ್ನು ಗಮನಿಸಿ, ತಾಂತ್ರಿಕ ಭಾಗವನ್ನು ಹುಡುಗರೂ ಮಿಕ್ಕದ್ದನ್ನು ಹುಡುಗಿಯರೂ ಹೆಚ್ಚು ಮಾತಾಡುತ್ತಾರೆಂದು ಕಂಡುಕೊಂಡರು. ನಮ್ಮ ಲ್ಯಾಬುಗಳಲ್ಲಿ ಸೋಲ್ಡರಿಂಗ್ ಐರನ್ ಯಾರ ಕೈಯಲ್ಲಿ, ರಿಪೋರ್ಟ್ ಟೈಪ್ ಮಾಡುವುದು ಯಾರು ಎಂದು ನೋಡಿದರೆ ಮಿಶಿಗನ್ ದೂರವೇನಲ್ಲ. ಪಾತ್ರಗಳನ್ನು ಎರಡು ವಾರಕ್ಕೊಮ್ಮೆ ಬದಲಿಸಲು ಖರ್ಚೇನೂ ಇಲ್ಲ. ಅಧ್ಯಾಪಕರು ಹಟ ಹಿಡಿಯಬೇಕು.

ಇಲ್ಲಿ ಏನಾಗುತ್ತಿದೆ

ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿ ಎಐಸಿಟಿಇ 2018ರ ಮಾದರಿ ಪಠ್ಯಕ್ರಮದಲ್ಲಿ ಮೂರು ವಾರದ ಇಂಡಕ್ಷನ್ ಕಾರ್ಯಕ್ರಮ ತಂದಿತು, ಡ್ರಾಯಿಂಗಿನ ಹೆಸರಿಗೆ ‘ಡಿಸೈನ್’ ಸೇರಿಸಿತು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ 2021 ಮತ್ತು 2022ರ ಸ್ಕೀಮುಗಳಲ್ಲಿ ಮೊದಲ ವರ್ಷಕ್ಕೆ ‘ಇನ್ನೋವೇಶನ್ ಅಂಡ್ ಡಿಸೈನ್ ಥಿಂಕಿಂಗ್’ ಎಂಬ ಕೋರ್ಸನ್ನು ಇಟ್ಟಿತು. ರಾಜ್ಯದ ಉದ್ದಗಲದ ಕಾಲೇಜುಗಳಿಗೆ ಒಂದೇ ಸಲ ಈ ವಿಷಯ ತಲುಪಿದ್ದು ದೊಡ್ಡ ಹೆಜ್ಜೆಯೇ. ಆದರೆ ಅದಕ್ಕೆ ಕೊಟ್ಟದ್ದು ಒಂದು ಕ್ರೆಡಿಟ್ಟು. ಆ ಸ್ಕೀಮುಗಳಲ್ಲಿ ಸೆಮಿಸ್ಟರಿನ ಕೊನೆಯ ಪರೀಕ್ಷೆ ಒಂದು ಗಂಟೆಯದಾಗಿತ್ತು, ಐವತ್ತು ಬಹುಆಯ್ಕೆಯ ಪ್ರಶ್ನೆಗಳದು. ಸಿಇಟಿಯಿಂದ ಬಿಡಿಸಿ ತರಬೇಕಾದವರನ್ನು ಮತ್ತೆ ಸಿಇಟಿಗೇ ಕಳಿಸಿದಂತಾಯಿತು. ಡಿಸೈನ್ ಥಿಂಕಿಂಗಿನ ಮೂರನೇ ಹಂತ ಯಾವುದು ಎಂಬುದಕ್ಕೆ ನಾಲ್ಕು ಆಯ್ಕೆ ಕೊಡಬಹುದು. ಎರಡನೆಯ ಮಾದರಿ ಮೊದಲಿನದಕ್ಕಿಂತ ಹೇಗೆ ಭಿನ್ನ, ಯಾಕೆ ಭಿನ್ನ ಎಂಬುದಕ್ಕೆ ಆಯ್ಕೆ ಕೊಡಲಾಗದು. ಪರೀಕ್ಷೆ ಇರಲೇಬೇಕೆಂದರೆ ಆ ಒಂದು ಗಂಟೆಯಲ್ಲಿ ಒಂದು ಹಾಳೆ ಕೊಟ್ಟು, ‘ಗ್ರಾಹಕ ಹೀಗೆ ಹೇಳಿದ್ದಾನೆ, ಕಟ್ಟುವ ಮುನ್ನ ಅವನನ್ನು ಕೇಳುವ ಪ್ರಶ್ನೆಗಳನ್ನು ಬರೆಯಿರಿ’ ಎನ್ನಬಹುದು. ತಿದ್ದುವುದು ಕಷ್ಟ, ಒಪ್ಪುತ್ತೇನೆ.

ಇನ್ನೊಂದು ದಾರಿ ಹುಬ್ಬಳ್ಳಿಯಲ್ಲಿ ಕಾಣುತ್ತದೆ. ಬಿ.ವಿ. ಭೂಮರಡ್ಡಿ ಕಾಲೇಜು ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಾಗಿ ಸ್ವಂತ ಪಠ್ಯಕ್ರಮ ಮಾಡಿಕೊಳ್ಳುವ ಸ್ವಾತಂತ್ರ್ಯ ಸಿಕ್ಕ ಹೊತ್ತಿನಲ್ಲಿ, 2015ರ ಸುಮಾರಿಗೆ, ಮೊದಲ ವರ್ಷದ ಎಲ್ಲ ಶಾಖೆಯವರಿಗೂ ‘ಎಂಜಿನಿಯರಿಂಗ್ ಎಕ್ಸ್‌ಪ್ಲೊರೇಶನ್’ ಎಂಬ ಕೋರ್ಸು ಶುರುಮಾಡಿತು. ಬೇರೆಬೇರೆ ವಿಭಾಗದ ಅಧ್ಯಾಪಕರು ಸೇರಿ ನಡೆಸುವ ಈ ಕೋರ್ಸಿನಲ್ಲಿ ಅಗತ್ಯದ ಹೇಳಿಕೆ, ಉದ್ದೇಶ ಮತ್ತು ಮಿತಿಗಳ ಪಟ್ಟಿ, ಪರ್ಯಾಯಗಳು, ಪ್ಯೂ ಕೋಷ್ಟಕ, ಮೈಕ್ರೊಕಂಟ್ರೋಲರ್ ಹಾಕಿದ ಮಾದರಿ ಎಲ್ಲವೂ ಬರುತ್ತವೆ. ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಅಲ್ಲಿನ ಅಧ್ಯಾಪಕರು ತಮ್ಮ ಅನುಭವವನ್ನು ಶಿಕ್ಷಣ ಸಂಶೋಧನೆಯ ಪತ್ರಿಕೆಗಳಲ್ಲಿ ಬರೆದು, ತಮ್ಮ ಕೋರ್ಸನ್ನೇ ತಿದ್ದುತ್ತ ಬಂದದ್ದು. ಇತ್ತ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1998ರಲ್ಲಿ ಉತ್ಪನ್ನ ವಿನ್ಯಾಸದ ಕೇಂದ್ರ ಶುರುವಾಯಿತು. ವಿನ್ಯಾಸಕಾರರು ಹೇಗೆ ಯೋಚಿಸುತ್ತಾರೆಂಬ ಸಂಶೋಧನೆ ಅಲ್ಲಿ ದಶಕಗಳಿಂದ ನಡೆದಿದೆ. ಆ ತಿಳಿವಳಿಕೆ ಎಂ.ಡೆಸ್., ಪಿಎಚ್‌.ಡಿ. ಮಟ್ಟ ದಾಟಿ ಜಿಲ್ಲಾ ಕೇಂದ್ರಗಳ ಬಿ.ಇ. ತರಗತಿಗೆ ಇಳಿಯುವ ಕಾಲುವೆ ಮಾತ್ರ ಇನ್ನೂ ತೋಡಬೇಕಾಗಿದೆ.

ಕಾಲೇಜುಗಳ ಅಧ್ಯಾಪಕರನ್ನು ಮಾತಾಡಿಸಿದರೆ ಮೂರು ತೊಡಕು ಹೇಳುತ್ತಾರೆ. ಸೆಕ್ಷನ್ನಿಗೆ ಅರವತ್ತಕ್ಕೂ ಹೆಚ್ಚು ಜನ, ಸಾಮಾನಿಗೆ ದುಡ್ಡಿಲ್ಲ, ನಮಗೇ ವಿನ್ಯಾಸ ಮಾಡಿ ಗೊತ್ತಿಲ್ಲ. ಮೊದಲ ಎರಡಕ್ಕೆ ದಾರಿಯಿದೆ. ಅರವತ್ತು ಜನ ಹದಿನೈದು ತಂಡವಾಗುತ್ತಾರೆ; ಮೊದಲ ಸುತ್ತಿನ ಮಾದರಿ ರಟ್ಟು, ಬಿದಿರು, ಸೈಕಲ್ ಟ್ಯೂಬಿನಲ್ಲಿ ಆಗಬೇಕು, ಯಾಕೆಂದರೆ ದುಬಾರಿ ಸಾಮಾನಿನಲ್ಲಿ ಕಟ್ಟಿದ್ದನ್ನು ಎಸೆಯಲು ಯಾರಿಗೂ ಮನಸ್ಸು ಬಾರದು. ಮೂರನೆಯದೇ ನಿಜವಾದ ಗಂಟು. ಎಂಟೆಕ್, ಪಿಎಚ್‌.ಡಿ. ಮುಗಿಸಿ ನೇರ ಪಾಠಕ್ಕೆ ಬಂದವರಿಗೆ ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ತರಗತಿಯಲ್ಲಿ ಎತ್ತುವುದು ಅಂಜಿಕೆಯ ಕೆಲಸ. ಅದಕ್ಕೆ ಒಂದು ವಾರದ ತರಬೇತಿ ಶಿಬಿರ ಸಾಲದು. ಒಂದು ಬೇಸಿಗೆ ರಜೆಯಲ್ಲಿ ನಾಲ್ಕು ವಿಭಾಗದ ನಾಲ್ವರು ಅಧ್ಯಾಪಕರು ತಂಡ ಕಟ್ಟಿಕೊಂಡು, ಕಾಲೇಜಿನದೇ ಒಂದು ತೊಂದರೆಗೆ, ಹಾಸ್ಟೆಲಿನ ಪಾತ್ರೆ ತೊಳೆಯುವ ಜಾಗದಲ್ಲಿ ಪೋಲಾಗುವ ನೀರಿಗೋ ಲೈಬ್ರರಿಯ ಮುಂದಿನ ಬ್ಯಾಗುಗಳ ರಾಶಿಗೋ, ಎರಡು ಸುತ್ತಿನ ವಿನ್ಯಾಸ ಮಾಡಿ ಅಡುಗೆಯವರ, ಅಟೆಂಡರ ಟೀಕೆ ಕೇಳಿಸಿಕೊಂಡರೆ ಜೂನ್ ಹೊತ್ತಿಗೆ ಅವರು ಈ ಕೋರ್ಸಿಗೆ ಸಿದ್ಧ. ಆ ಬೇಸಿಗೆಯ ಕೆಲಸವನ್ನು ಬಡ್ತಿಯ ಲೆಕ್ಕಕ್ಕೆ ತೆಗೆದುಕೊಳ್ಳಲು ಆಡಳಿತ ಮಂಡಳಿ ಒಪ್ಪಬೇಕು. ಈಗಿನ ನಮೂನೆಯಲ್ಲಿ ಅದಕ್ಕೆ ಕಾಲಮ್ಮೇ ಇಲ್ಲ.